ಪಿಕ್ಲಿಂಗ್ ಪೇಸ್ಟ್ ಬಳಸುವ ಶೆಡ್ಡುಗಳಲ್ಲಿ ಎಚ್‌ಎಫ್ ಆಮ್ಲಕ್ಕೆ ಏನು ಸಿದ್ಧತೆ ಇದೆ?

ಟಿಗ್ ಪೀಣ್ಯ

ನಮ್ಮದು ಪೀಣ್ಯ ಎರಡನೇ ಹಂತದಲ್ಲಿರುವ ಸಣ್ಣ ಸ್ಟೇನ್‌ಲೆಸ್ ಸ್ಟೀಲ್ (ಎಸ್‌ಎಸ್) ಫ್ಯಾಬ್ರಿಕೇಷನ್ ಶೆಡ್. ಇಲ್ಲಿಯವರೆಗೆ ರೇಲಿಂಗ್, ಗೇಟು, ಹೋಟೆಲ್ ಅಡುಗೆಮನೆಯ ಟೇಬಲ್ಲು ಮಾಡುತ್ತಿದ್ದೆವು. ವೆಲ್ಡಿಂಗ್ ಕಲೆ ಬಿದ್ದರೆ ಬಫಿಂಗ್ ಮಾಡಿ, ಅಂದರೆ ಚಕ್ರಕ್ಕೆ ಹಿಡಿದು ಉಜ್ಜಿ, ಮುಗಿಸುತ್ತಿದ್ದೆವು. ಈಗ ಹಾಲಿನ ಟ್ಯಾಂಕುಗಳ ಕೆಲಸ ಸಿಕ್ಕಿದೆ. ವೆಲ್ಡಿಂಗ್ ಆದ ಕಡೆಯೆಲ್ಲ ಪಿಕ್ಲಿಂಗ್ (ಆಸಿಡ್‌ನಿಂದ ಕಲೆಯ ಪದರ ತೆಗೆಯುವುದು), ಪ್ಯಾಸಿವೇಷನ್ (ತುಕ್ಕು ತಡೆಯುವ ಪದರ ಮೂಡಿಸುವುದು) ಆಗಲೇಬೇಕೆಂದು ಗಿರಾಕಿಯ ಪಟ್ಟು.

ಪಿಕ್ಲಿಂಗ್ ಪೇಸ್ಟ್ ತರಿಸಿದೆ. ಬಿಳಿ ಪ್ಲಾಸ್ಟಿಕ್ ಡಬ್ಬ, ಮೇಲೆ ತಲೆಬುರುಡೆಯ ಗುರುತು. ಅಂಗಡಿಯವರು "ಆಸಿಡ್ ಪೇಸ್ಟ್ ಅಷ್ಟೇ, ಗ್ಲೌಸ್ ಹಾಕಿಕೊಂಡರೆ ಸಾಕು" ಎಂದರು. ಒತ್ತಾಯಿಸಿ ಕೇಳಿದ ಮೇಲೆ ಸುರಕ್ಷತಾ ಮಾಹಿತಿ ಪತ್ರವನ್ನು ಮೊಬೈಲಿಗೆ ಕಳುಹಿಸಿದರು. ಅದರಲ್ಲಿ ನೈಟ್ರಿಕ್ ಆಮ್ಲದ ಜೊತೆ ಹೈಡ್ರೋಫ್ಲೋರಿಕ್ ಆಮ್ಲ (ಎಚ್‌ಎಫ್) ಶೇಕಡಾ 5 ಎಂದು ಬರೆದಿದೆ. ಪ್ರಥಮ ಚಿಕಿತ್ಸೆಯ ಜಾಗದಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ ಎಂದಿದೆ. ಬೇರೆಲ್ಲ ಆಸಿಡ್‌ಗಳಿಗೆ ನೀರು ಸಾಕು ಎನ್ನುತ್ತಾರೆ, ಇದಕ್ಕೆ ಮಾತ್ರ ಏಕೆ ಜೆಲ್? ಅಕ್ಕಪಕ್ಕದ ಶೆಡ್ಡುಗಳಲ್ಲಿ ವಿಚಾರಿಸಿದೆ, ಆ ಜೆಲ್ಲನ್ನು ಕಣ್ಣಿನಿಂದ ಕಂಡವರೇ ಸಿಗಲಿಲ್ಲ. ಪೇಸ್ಟ್ ಬಳಿಯಲಿರುವವರು ನಮ್ಮ ಇಬ್ಬರು ಹುಡುಗರು. ಡಬ್ಬ ತೆರೆಯುವ ಮೊದಲು ತಿಳಿದವರು ಹೇಳಿ.

ಹಳೇ ಬಫಿಂಗ್

ಪಿಕ್ಲಿಂಗ್ ಪೇಸ್ಟ್ ಬಗ್ಗೆ ಇಷ್ಟು ಗಾಬರಿ ಬೇಡ. ನಾನು ಈ ಕೆಲಸಕ್ಕೆ ಇಳಿದಾಗ ಪೇಸ್ಟ್ ಇರಲೇ ಇಲ್ಲ. ಎರಡೂ ಆಸಿಡ್‌ಗಳನ್ನು ಬಕೆಟ್ಟಿನಲ್ಲಿ ನಾವೇ ಬೆರೆಸುತ್ತಿದ್ದೆವು. ಕೈಗೆ ತಾಗಿದರೆ ತೊಳೆದುಕೊಳ್ಳುತ್ತಿದ್ದೆವು, ಸ್ವಲ್ಪ ಹಳದಿಯಾಗಿ ಸಿಪ್ಪೆ ಏಳುತ್ತಿತ್ತು, ಹೋಗುತ್ತಿತ್ತು. ಶೇಕಡಾ 5 ಎಂದರೆ ಏನು ಮಹಾ? ಬ್ಯಾಟರಿ ಅಂಗಡಿಯವರು ಇದಕ್ಕಿಂತ ಗಟ್ಟಿ ಆಸಿಡ್ ಜೊತೆ ದಿನವಿಡೀ ಇರುತ್ತಾರೆ.

ಸುರತ್ಕಲ್ ಕಡೆಯವನು

ಹಳೇ ಬಫಿಂಗ್ ಅವರೇ, ನಿಮ್ಮ ಅನುಭವಕ್ಕೆ ಗೌರವವಿದೆ, ಆದರೆ ಈ ಹೋಲಿಕೆ ಸರಿಯಲ್ಲ. ಕೈ ಹಳದಿಯಾದದ್ದು ನೈಟ್ರಿಕ್ ಆಮ್ಲದಿಂದ. ಅದು ತಾಗಿದ ಕೂಡಲೇ ಉರಿಯುತ್ತದೆ, ನೀವು ನಲ್ಲಿಗೆ ಓಡುತ್ತೀರಿ. ಬ್ಯಾಟರಿಯ ಸಲ್ಫ್ಯೂರಿಕ್ ಆಮ್ಲವೂ ಹಾಗೆಯೇ. ಎಚ್‌ಎಫ್ ಹಾಗಲ್ಲ. ಶೇಕಡಾ 50ಕ್ಕಿಂತ ಗಟ್ಟಿಯಾಗಿದ್ದರೆ ತಕ್ಷಣ ನೋವು ಗೊತ್ತಾಗುತ್ತದೆ. ಶೇಕಡಾ 20ರಿಂದ 50ರ ನಡುವೆ ನೋವು ಶುರುವಾಗಲು ಒಂದರಿಂದ ಎಂಟು ಗಂಟೆ ಬೇಕಾಗಬಹುದು. ಶೇಕಡಾ 20ಕ್ಕಿಂತ ಕಡಿಮೆಯಿದ್ದರೆ ಇಡೀ ಒಂದು ದಿನ ಕಳೆಯಬಹುದು. ಅಂದರೆ ತೆಳುವಾದಷ್ಟೂ ಮೋಸ ಹೆಚ್ಚು. ಕೆಲಸಗಾರ ಕೈ ಒರೆಸಿಕೊಂಡು, ಊಟ ಮಾಡಿ, ಬಸ್ ಹತ್ತಿ ಮನೆಗೆ ಹೋಗಿರುತ್ತಾನೆ. ನೋವು ಬರುವುದು ಮಧ್ಯರಾತ್ರಿ.

ನಾನು ಗಲ್ಫ್‌ನ ಒಂದು ಸಂಸ್ಕರಣಾಗಾರದಲ್ಲಿ ಸುರಕ್ಷತಾ ಅಧಿಕಾರಿ. ಪೆಟ್ರೋಲಿನ ಗುಣಮಟ್ಟ ಹೆಚ್ಚಿಸುವ ಆಲ್ಕೈಲೇಷನ್ ಘಟಕಗಳಲ್ಲಿ ಎಚ್‌ಎಫ್ ಅನ್ನು ಟನ್‌ಗಟ್ಟಲೆ ಬಳಸುತ್ತಾರೆ. ಅಂಥ ಘಟಕಗಳಲ್ಲಿ ಪೈಪಿನ ಜೋಡಣೆಗಳಿಗೆ ಆಮ್ಲದ ಹನಿ ಸೋಂಕಿದರೂ ಬಣ್ಣ ಬದಲಿಸುವ ಪೇಂಟ್ ಬಳಿದಿರುತ್ತಾರೆ. ತುರ್ತು ಸ್ನಾನದ ಶವರ್ ಹೆಜ್ಜೆಹೆಜ್ಜೆಗೂ ಇರುತ್ತದೆ. ಜೆಲ್ ಟ್ಯೂಬ್ ಜೇಬಿನಲ್ಲಿಲ್ಲದೆ ಒಳಗೆ ಬಿಡುವುದಿಲ್ಲ. ಇಷ್ಟೆಲ್ಲ ಕಾವಲಿರುವ ಕಡೆಯೂ 2019ರ ಜೂನ್ 21ರಂದು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಸವೆದುಹೋದ ಒಂದು ಪೈಪ್ ತಿರುವು ಒಡೆದು, ಬೆಂಕಿ ಹತ್ತಿ, ಸ್ಫೋಟವಾಗಿ ಸುಮಾರು 2,400 ಕಿಲೋ ಎಚ್‌ಎಫ್ ಹೊರಬಿತ್ತು. ನಿಯಂತ್ರಣ ಕೊಠಡಿಯಲ್ಲಿದ್ದವರು ಉಳಿದ ಆಮ್ಲವನ್ನು ಕೂಡಲೇ ಬೇರೆ ಟ್ಯಾಂಕಿಗೆ ಇಳಿಸಿದ್ದರಿಂದ ಊರು ಉಳಿಯಿತು.

ಸಿದ್ಧತೆ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾದ ಗುಮಿ ಇದೆ. 2012ರ ಸೆಪ್ಟೆಂಬರ್ 27ರಂದು ಟ್ಯಾಂಕರಿನಿಂದ ನೀರಿಲ್ಲದ ಎಚ್‌ಎಫ್ ಇಳಿಸುವಾಗ ಕವಾಟ ತೆರೆದುಕೊಂಡಿತು. ಆ ರೂಪದಲ್ಲಿ ಅದು 19.5 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ವಸ್ತು, ಹೊರಬಿದ್ದ ಕ್ಷಣದಲ್ಲೇ ಮೋಡವಾಗಿ ನೆಲ ಹಿಡಿದು ಹರಿಯುತ್ತದೆ. ಐವರು ಸತ್ತರು. ಮೈತುಂಬ ಮುಚ್ಚುವ ರಕ್ಷಣಾ ಉಡುಪು ಯಾರ ಮೈಮೇಲೂ ಇರಲಿಲ್ಲ. ಪಕ್ಕದ ಹಳ್ಳಿಗಳ ಬೆಳೆ ಒಣಗಿ ನಿಂತಿತು, ಸಾವಿರಾರು ಜನ ಚಿಕಿತ್ಸೆಗೆ ಸಾಲುಗಟ್ಟಿದರು.

ನಿಮ್ಮ ಡಬ್ಬದಿಂದ ಗುಮಿ ಆಗುವುದಿಲ್ಲ. ಒಂದು ಬೆರಳು ಹೋಗಬಹುದು, ಹೆಚ್ಚು ಮೈಗೆ ತಾಗಿದರೆ ಒಂದು ಜೀವ ಹೋಗಬಹುದು.

ಗೋಕುಲ ರಸ್ತೆ

ಹುಬ್ಬಳ್ಳಿಯಿಂದ ಬರೆಯುತ್ತಿದ್ದೇನೆ. ನಮ್ಮ ಪಕ್ಕದ ಶೆಡ್ಡಿನ ಹೆಲ್ಪರ್ ಹುಡುಗನಿಗೆ ಆದದ್ದು ಮೇಲಿನವರು ಹೇಳಿದ ಹಾಗೆಯೇ. ಗ್ಲೌಸಿನ ತೋರುಬೆರಳಿನಲ್ಲಿ ಸೂಜಿಮೊನೆಯಷ್ಟು ತೂತಿತ್ತಂತೆ. ಸಂಜೆಯವರೆಗೆ ಏನೂ ಇಲ್ಲ. ರಾತ್ರಿ ಎದ್ದು ಕೂತು ಅಳತೊಡಗಿದ. ನೋಡಿದರೆ ಚರ್ಮದ ಮೇಲೆ ಗಾಯವೇ ಇಲ್ಲ, ಉಗುರಿನ ಸುತ್ತ ಸ್ವಲ್ಪ ಬಿಳಚಿಕೊಂಡಿತ್ತು. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ನೋವಿನ ಇಂಜೆಕ್ಷನ್ ಕೊಟ್ಟು, ಸುಟ್ಟಗಾಯದ ಮುಲಾಮು ಹಚ್ಚಿ ಕಳುಹಿಸಿದರು. ಯಾವ ಆಸಿಡ್ ಎಂದು ಅವರೂ ಕೇಳಲಿಲ್ಲ, ಕರೆದುಕೊಂಡು ಹೋದವರಿಗೂ ಗೊತ್ತಿರಲಿಲ್ಲ. ಮರುದಿನ ಉಗುರು ಕಪ್ಪಾಯಿತು. ದೊಡ್ಡ ಆಸ್ಪತ್ರೆಗೆ ಹೋದಾಗ ಡಬ್ಬ ತನ್ನಿ ಎಂದರು. ಅದನ್ನು ತೊಳೆದು ಬೋಲ್ಟು ತುಂಬಿಡಲು ಇಟ್ಟುಕೊಂಡಿದ್ದರು, ಹೆಸರಿನ ಚೀಟಿ ಎಂದೋ ಕಿತ್ತುಹೋಗಿತ್ತು. ಬೆರಳು ಉಳಿದಿದೆ, ತುದಿ ಇಲ್ಲ.

ತುರ್ತು ಘಟಕದ ವೈದ್ಯೆ

ಆ ನರ್ಸಿಂಗ್ ಹೋಮಿನವರನ್ನು ಸಂಪೂರ್ಣವಾಗಿ ದೂರಲಾರೆ. ಎಚ್‌ಎಫ್ ಸುಟ್ಟಗಾಯವನ್ನು ಒಮ್ಮೆಯೂ ನೋಡದೆ ನಿವೃತ್ತರಾಗುವ ವೈದ್ಯರು ಬಹಳ ಮಂದಿ ಇದ್ದಾರೆ. ಅದಕ್ಕಾಗಿಯೇ ರೋಗಿಯ ಜೊತೆ ಹೆಸರು ಬರಬೇಕು. ಟಿಗ್ ಪೀಣ್ಯ ಅವರು ಕೇಳಿದ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಸಲ್ಫ್ಯೂರಿಕ್, ನೈಟ್ರಿಕ್‌ನಂಥ ಆಮ್ಲಗಳು ಚರ್ಮದ ಮೇಲ್ಪದರವನ್ನು ಸುಟ್ಟು ಅಲ್ಲೇ ಗಟ್ಟಿ ಹೊಪ್ಪಳೆ ಕಟ್ಟಿಸುತ್ತವೆ. ಆ ಹೊಪ್ಪಳೆಯೇ ಮುಂದೆ ಇಳಿಯಲು ಸ್ವಲ್ಪ ತಡೆಯಾಗುತ್ತದೆ. ಎಚ್‌ಎಫ್ ನೀರಿನಲ್ಲಿ ಪೂರ್ತಿ ವಿಭಜನೆಯಾಗುವುದಿಲ್ಲ. ಒಡೆಯದ ಅಣು ಹಾಗೆಯೇ ಚರ್ಮ ದಾಟಿ ಮಾಂಸದ ಆಳಕ್ಕೆ, ಎಲುಬಿನವರೆಗೂ ಇಳಿಯುತ್ತದೆ. ಅಲ್ಲಿ ಬಿಡುಗಡೆಯಾಗುವ ಫ್ಲೋರೈಡ್ ಸಿಕ್ಕಸಿಕ್ಕ ಕ್ಯಾಲ್ಸಿಯಂ, ಮೆಗ್ನೀಷಿಯಂ ಅನ್ನು ಹಿಡಿದು ಕಟ್ಟಿಹಾಕುತ್ತದೆ. ಜೀವಕೋಶಗಳು ಸಾಯುತ್ತವೆ, ಪೊಟ್ಯಾಸಿಯಂ ಹೊರಚೆಲ್ಲುತ್ತದೆ, ನರಗಳು ಕೆರಳಿ ನೋವು ಸಹಿಸಲಾಗದಷ್ಟಾಗುತ್ತದೆ. ಹೆಚ್ಚು ಪ್ರಮಾಣದಲ್ಲಿ ಮೈಗೆ ಸೇರಿದರೆ ರಕ್ತದ ಕ್ಯಾಲ್ಸಿಯಂ ಕುಸಿದು ಹೃದಯದ ಲಯ ತಪ್ಪುತ್ತದೆ. ಗಟ್ಟಿ ಎಚ್‌ಎಫ್ ದೇಹದ ಶೇಕಡಾ 2.5ರಷ್ಟು ಭಾಗಕ್ಕೆ ತಾಗಿ ಸಾವು ಸಂಭವಿಸಿದ ವರದಿಗಳಿವೆ. ಬೆರಳುಗಳೂ ಸೇರಿ ಒಂದು ಅಂಗೈ ಎಂದರೆ ಸುಮಾರು ಶೇಕಡಾ 1.

ಹೊರಗಿನಿಂದ ಕ್ಯಾಲ್ಸಿಯಂ ಒದಗಿಸಿದರೆ ಫ್ಲೋರೈಡ್ ಅದನ್ನು ಹಿಡಿದುಕೊಂಡು ಕರಗದ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ಸುಮ್ಮನಾಗುತ್ತದೆ. ಜೆಲ್ ಇರುವುದು ಅದಕ್ಕೆ.

ತಾಗಿತು ಎಂಬ ಅನುಮಾನ ಬಂದರೂ ಸಾಕು, ನೋವಿಗಾಗಿ ಕಾಯಬೇಡಿ. ಗ್ಲೌಸು, ಬಟ್ಟೆ, ಉಂಗುರ, ಗಡಿಯಾರ ಕಿತ್ತೆಸೆದು ಹರಿಯುವ ನೀರಿನ ಕೆಳಗೆ ಹಿಡಿಯಿರಿ. ಜೆಲ್ ಪಕ್ಕದಲ್ಲೇ ಇದ್ದರೆ ಪೇಸ್ಟ್ ಪೂರ್ತಿ ಹೋಗುವಂತೆ ಐದು ನಿಮಿಷ ಚೆನ್ನಾಗಿ ತೊಳೆದು, ನಂತರ ಶೇಕಡಾ 2.5ರ ಜೆಲ್ ಧಾರಾಳವಾಗಿ ಹಚ್ಚಿ ತಿಕ್ಕುತ್ತಲೇ ಇರಬೇಕು. ಜೆಲ್ ಇಲ್ಲದಿದ್ದರೆ ಅದು ಸಿಗುವವರೆಗೂ, ಆಂಬುಲೆನ್ಸ್ ಬರುವವರೆಗೂ ತೊಳೆಯುತ್ತಲೇ ಇರಿ. ತಿಕ್ಕುವವನ ಕೈಗೂ ಗ್ಲೌಸ್ ಬೇಕು, ಇಲ್ಲದಿದ್ದರೆ ಇಬ್ಬರು ರೋಗಿಗಳಾಗುತ್ತಾರೆ. ಹದಿನೈದು ನಿಮಿಷಕ್ಕೊಮ್ಮೆ ಹೊಸ ಜೆಲ್. ಬೆರಳುಗಳಾದರೆ ಹೊಸ ಗ್ಲೌಸಿನೊಳಗೆ ಜೆಲ್ ತುಂಬಿ ಕೈ ತೂರಿಸಿ ಆಸ್ಪತ್ರೆಗೆ ಹೊರಡಿ.

ನೋವು ಇಳಿಯಿತೇ ಎಂಬುದೇ ನಮಗೆ ಅಳತೆಗೋಲು. ಆದ್ದರಿಂದ ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟುಬಿಟ್ಟರೆ ಚಿಕಿತ್ಸೆ ಕೆಲಸ ಮಾಡುತ್ತಿದೆಯೋ ಇಲ್ಲವೋ ಗೊತ್ತಾಗುವುದಿಲ್ಲ. ಜೆಲ್ಲಿಗೆ ನೋವು ಬಗ್ಗದಿದ್ದರೆ ಆಸ್ಪತ್ರೆಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟನ್ನು ಚರ್ಮದಡಿಗೆ ಅಥವಾ ಆ ಕೈಗೆ ಹೋಗುವ ಅಪಧಮನಿಯ ಮೂಲಕ ಕೊಡುತ್ತಾರೆ. ಇಸಿಜಿ, ರಕ್ತದ ಕ್ಯಾಲ್ಸಿಯಂ, ಮೆಗ್ನೀಷಿಯಂ, ಪೊಟ್ಯಾಸಿಯಂ ಮತ್ತೆ ಮತ್ತೆ ನೋಡುತ್ತಾರೆ.

ಕಣ್ಣಿಗೆ ಸಿಡಿದರೆ ಬರೀ ನೀರು, ಕನಿಷ್ಠ ಹದಿನೈದು ನಿಮಿಷ, ರೆಪ್ಪೆ ಬಿಡಿಸಿ ಹಿಡಿದು. ಚರ್ಮದ ಜೆಲ್ಲನ್ನು ಕಣ್ಣಿಗೆ ಹಾಕಲೇಬಾರದು. ನುಂಗಿದರೆ ವಾಂತಿ ಮಾಡಿಸಬೇಡಿ. ಎಚ್ಚರವಿದ್ದರೆ ಹಾಲು ಕುಡಿಸಿ, ಅದರಲ್ಲೂ ಕ್ಯಾಲ್ಸಿಯಂ ಇದೆ. ಕರೆ 108ಕ್ಕೆ. ವೈದ್ಯರಿಗೇ ಅನುಮಾನವಿದ್ದರೆ ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117.

ಯಾದಗಿರಿಯವನು

ಡಾಕ್ಟರ್ ಮೇಡಂ, ನಮಸ್ಕಾರ. ನಾನು ಬೆಂಗಳೂರಿನಲ್ಲಿ ಇದೇ ಪೇಸ್ಟ್ ಬಳಿಯುವ ಕೆಲಸದಲ್ಲಿದ್ದೇನೆ. ನಮಗೆ ಇದು "ಬಿಳಿ ಪೇಸ್ಟ್". ಇಲ್ಲಿ ಓದುವವರೆಗೆ ಅದರ ಹೆಸರೇ ಗೊತ್ತಿರಲಿಲ್ಲ. ಗ್ಲೌಸ್ ಕೊಡುತ್ತಾರೆ, ಆಸ್ಪತ್ರೆಯಲ್ಲಿ ನರ್ಸುಗಳು ಹಾಕುತ್ತಾರಲ್ಲ, ಆ ತೆಳು ಬಿಳಿ ಗ್ಲೌಸ್. ಬ್ರಷ್ ಹಿಡಿದು ಮೂಲೆಗೆ ತಿಕ್ಕುವಾಗ ವೆಲ್ಡಿಂಗ್ ಅಂಚು ತಾಗಿ ಹರಿಯುತ್ತದೆ. ಇನ್ನೊಂದು ಜೊತೆ ಕೇಳಿದರೆ ಮುಖ ನೋಡುತ್ತಾರೆ.

ಒಂದು ಸಂಶಯ. ಊರಿನಲ್ಲಿ ಎಲೆಅಡಿಕೆಗೆ ಹಚ್ಚುವ ಸುಣ್ಣ ಎಲ್ಲರ ಮನೆಯಲ್ಲೂ ಇರುತ್ತದೆ. ಸುಣ್ಣದಲ್ಲಿ ಕ್ಯಾಲ್ಸಿಯಂ ಇದೆ ಎಂದು ಶಾಲೆಯಲ್ಲಿ ಓದಿದ ನೆನಪು. ಜೆಲ್ ಇಲ್ಲದ ಹೊತ್ತಿನಲ್ಲಿ ಅದನ್ನೇ ಹಚ್ಚಬಹುದೇ?

ತುರ್ತು ಘಟಕದ ವೈದ್ಯೆ

ತಮ್ಮಾ, ಬುದ್ಧಿವಂತ ಪ್ರಶ್ನೆ, ಆದರೆ ಬೇಡ. ಸುಣ್ಣ ಸ್ವತಃ ಚರ್ಮ ಸುಡುವ ಕ್ಷಾರ. ಆಮ್ಲ ಸಡಿಲಗೊಳಿಸಿದ ಚರ್ಮಕ್ಕೆ ಅದನ್ನು ತಿಕ್ಕಿದರೆ ಎರಡನೇ ಗಾಯವಾಗುತ್ತದೆ. ಅರಿಸಿನ, ಟೂತ್‌ಪೇಸ್ಟ್, ಅಡುಗೆ ಸೋಡಾ ಯಾವುದೂ ಬೇಡ, ಅವುಗಳನ್ನು ಹುಡುಕುವ ಹೊತ್ತಿನಲ್ಲಿ ನೀರು ಹಾಕಿ. ನಿಜವಾಗಿಯೂ ಏನೂ ಸಿಗದ ಕಡೆ, ತೊಳೆದ ಮೇಲೆ, ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಗಳನ್ನು ನುಣ್ಣಗೆ ಪುಡಿಮಾಡಿ ನೀರಿನಲ್ಲಿ ಕರಗುವ ಜೆಲ್ಲಿಯಲ್ಲಿ ಕಲಸಿ ಹಚ್ಚುವ ಪದ್ಧತಿ ಇದೆ. ಗ್ಲುಕೋನೇಟ್ ಜೆಲ್ಲಿನಷ್ಟು ಒಳ್ಳೆಯದಲ್ಲ, ಇಲ್ಲದ್ದಕ್ಕಿಂತ ಮೇಲು.

ನಿಮ್ಮ ಗ್ಲೌಸಿನ ಬಗ್ಗೆ ಸುರತ್ಕಲ್ ಅವರು ಹೇಳಲಿ.

ಸುರತ್ಕಲ್ ಕಡೆಯವನು

ಆ ತೆಳು ಗ್ಲೌಸ್ ಈ ಕೆಲಸಕ್ಕೆ ಇಲ್ಲದಂತೆಯೇ ಲೆಕ್ಕ. ಇಲ್ಲದಿದ್ದರೆ ಕೈ ಒದ್ದೆಯಾದದ್ದಾದರೂ ಗೊತ್ತಾಗುತ್ತಿತ್ತು. ತೂತು ಬಿದ್ದ ಗ್ಲೌಸ್ ಪೇಸ್ಟನ್ನು ಚರ್ಮಕ್ಕೆ ಒತ್ತಿ ಹಿಡಿದುಕೊಳ್ಳುತ್ತದೆ. ಬೇಕಾದದ್ದು ಮೊಣಕೈ ಹತ್ತಿರದವರೆಗೆ ಬರುವ ದಪ್ಪ ನಿಯೋಪ್ರಿನ್ ಅಥವಾ ಪಿವಿಸಿ ಗ್ಲೌಸ್. ಪ್ರತಿ ಸಲ ಹಾಕಿಕೊಳ್ಳುವ ಮೊದಲು ಗಾಳಿ ತುಂಬಿ, ಬಾಯಿ ಸುತ್ತಿ ಹಿಂಡಿ ನೋಡಿ. ಬುಸ್ ಎಂದರೆ ಕತ್ತರಿಸಿ ಎಸೆಯಿರಿ. ಕತ್ತರಿಸಿ ಎಂದದ್ದು ಬೇಕೆಂದೇ, ಇಲ್ಲದಿದ್ದರೆ ನಾಳೆ ಯಾರೋ ಕಸದಿಂದ ಎತ್ತಿ ಹಾಕಿಕೊಳ್ಳುತ್ತಾರೆ. ಚರ್ಮದ ವೆಲ್ಡಿಂಗ್ ಗ್ಲೌಸ್ ಖಂಡಿತ ಬೇಡ, ಆಮ್ಲ ಹೀರಿಕೊಂಡು ದಿನಗಟ್ಟಲೆ ಇಟ್ಟುಕೊಳ್ಳುತ್ತದೆ. ಕನ್ನಡಕದ ಮೇಲೆ ಪೂರ್ತಿ ಮುಖ ಮುಚ್ಚುವ ಶೀಲ್ಡ್, ಪಿವಿಸಿ ಏಪ್ರನ್, ರಬ್ಬರ್ ಬೂಟು. ಪ್ಯಾಂಟು ಬೂಟಿನ ಹೊರಗೆ ಇರಬೇಕು, ಒಳಗೆ ತೂರಿಸಿದರೆ ಹನಿ ನೇರ ಪಾದಕ್ಕೆ ಇಳಿಯುತ್ತದೆ.

ಇದೆಲ್ಲ ಮಾಲೀಕರು ಕೊಡಬೇಕಾದದ್ದು, ದಯೆಯಿಂದಲ್ಲ. ಭೋಪಾಲ್ ದುರಂತದ ನಂತರ 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಿದ 41ಬಿ ಕಲಮು ಅಪಾಯಕಾರಿ ಪ್ರಕ್ರಿಯೆಯಿರುವ ಕಾರ್ಖಾನೆಯ ಕೆಲಸಗಾರನಿಗೆ ವಸ್ತುವಿನ ಅಪಾಯವನ್ನೂ ಅದಕ್ಕೆ ಪರಿಹಾರವನ್ನೂ ತಿಳಿಸಬೇಕು ಎಂದಿತು. ತೊಂದರೆ ಏನೆಂದರೆ, ನಾಲ್ಕೈದು ಜನರ ಶೆಡ್ಡುಗಳು ಕಾನೂನಿನ ಲೆಕ್ಕದಲ್ಲಿ ಕಾರ್ಖಾನೆಯೇ ಅಲ್ಲ. ಇಎಸ್‌ಐ ಕೂಡ ಸಾಮಾನ್ಯವಾಗಿ ಹತ್ತು ಅಥವಾ ಹೆಚ್ಚು ಜನರಿರುವ ಕಡೆಗೆ. ಅಪಾಯ ಹೆಚ್ಚಿರುವಲ್ಲಿ ಕಾನೂನಿನ ಕೈ ಗಿಡ್ಡ. ಯಾದಗಿರಿಯ ತಮ್ಮ, ಈ ಚರ್ಚೆಯನ್ನು ನಿಮ್ಮ ಮಾಲೀಕರ ಮೊಬೈಲಿಗೆ ಕಳುಹಿಸಿ. ಮುಜುಗರವಾದರೆ ಬೇರೆಯವರಿಂದ ಕಳುಹಿಸಿ.

ಔಷಧಿ ಅಂಗಡಿ, ದಾಸರಹಳ್ಳಿ

ಜೆಲ್ ಬಗ್ಗೆ ವಾಸ್ತವ ಹೇಳುತ್ತೇನೆ. ಸಿದ್ಧ ಟ್ಯೂಬ್ ಮಾಮೂಲಿ ಮೆಡಿಕಲ್ ಸ್ಟೋರ್‌ಗಳಲ್ಲಿ ಸಿಗುವುದು ಕಷ್ಟ. ಕೈಗಾರಿಕಾ ಸುರಕ್ಷತಾ ಸಾಮಗ್ರಿ ಮಾರುವವರ ಬಳಿ ಹೇಳಿ ತರಿಸಬೇಕು. ಆದರೆ ಶೇಕಡಾ 10ರ ಕ್ಯಾಲ್ಸಿಯಂ ಗ್ಲುಕೋನೇಟ್ ಇಂಜೆಕ್ಷನ್ನಿನ 10 ಮಿಲಿ ಆಂಪ್ಯೂಲ್ ಸಾಮಾನ್ಯ ವಸ್ತು, ಅಗ್ಗವೂ ಹೌದು, ವೈದ್ಯರ ಚೀಟಿ ತನ್ನಿ. ಒಂದು ಆಂಪ್ಯೂಲನ್ನು ನೀರಿನಲ್ಲಿ ಕರಗುವಂಥ ಜೆಲ್ಲಿ 30 ಮಿಲಿಗೆ ಬೆರೆಸಿದರೆ ಶೇಕಡಾ 2.5 ಆಗುತ್ತದೆ. ವ್ಯಾಸಲೀನಿಗೆ ಬೆರೆಸಬೇಡಿ, ಜಿಡ್ಡು ಕ್ಯಾಲ್ಸಿಯಂ ಅನ್ನು ಬಿಟ್ಟುಕೊಡುವುದಿಲ್ಲ. ಕ್ಯಾಲ್ಸಿಯಂ ಕ್ಲೋರೈಡ್ ಆಂಪ್ಯೂಲ್ ಕೂಡ ಅಂಗಡಿಯಲ್ಲಿರುತ್ತದೆ, ಅದು ಬೇರೆ; ಚರ್ಮದಡಿಗೆ ಚುಚ್ಚಿದರೆ ಅಲ್ಲಿನ ಮಾಂಸವೇ ಸಾಯುತ್ತದೆ. ಹೆಸರು ಓದಿ ತೆಗೆದುಕೊಳ್ಳಿ.

ತುರ್ತು ಘಟಕದ ವೈದ್ಯೆ

ಲೆಕ್ಕ ಸರಿಯಾಗಿದೆ. ಒಂದು ಮಾತು ಸೇರಿಸುತ್ತೇನೆ: ಮನೆಯಲ್ಲಿ ಬೆರೆಸಿದ ಜೆಲ್ ಬಹುಕಾಲ ಇಡುವ ವಸ್ತುವಲ್ಲ. ಆಂಪ್ಯೂಲ್‌ಗಳನ್ನೂ ಜೆಲ್ಲಿಯನ್ನೂ ಒಂದೇ ಪೆಟ್ಟಿಗೆಯಲ್ಲಿ ಇಟ್ಟು, ಒಬ್ಬರು ನೀರಿನ ಕೆಳಗೆ ಕೈ ಹಿಡಿಸಿರುವಾಗ ಇನ್ನೊಬ್ಬರು ಬೆರೆಸುವುದು ಮೇಲು. ಆ ಪೆಟ್ಟಿಗೆಯ ಮುಚ್ಚಳದ ಒಳಗೆ ಕನ್ನಡ, ಇಂಗ್ಲಿಷ್ ಎರಡರಲ್ಲೂ "ರೋಗಿಗೆ ಹೈಡ್ರೋಫ್ಲೋರಿಕ್ ಆಮ್ಲ ತಾಗಿದೆ" ಎಂಬ ಚೀಟಿ, ಮಾಹಿತಿ ಪತ್ರದ ಪ್ರತಿ. ನಿಮ್ಮ ಹತ್ತಿರದ ಆಸ್ಪತ್ರೆಗೆ ಮೊದಲೇ ಹೋಗಿ, "ಇಂಥ ವಸ್ತು ಬಳಸುತ್ತೇವೆ, ನಿಮ್ಮಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್, ಇಸಿಜಿ ಇದೆಯೇ" ಎಂದು ಕೇಳಿ ಬನ್ನಿ. ಇಲ್ಲ ಎಂದರೆ ಎಲ್ಲಿಗೆ ಒಯ್ಯಬೇಕು ಎಂದು ಅಂದೇ ತೀರ್ಮಾನಿಸಿ. ಬೆಂಗಳೂರಿನಲ್ಲಿ ವಿಕ್ಟೋರಿಯಾ ಆಸ್ಪತ್ರೆಯಲ್ಲಿ ಪ್ರತ್ಯೇಕ ಸುಟ್ಟಗಾಯ ವಿಭಾಗವಿದೆ.

ಪಾವಗಡದ ಓದುಗ

ವಿಷಯ ಸ್ವಲ್ಪ ಪಕ್ಕಕ್ಕೆ ಹೋಗಬಹುದು, ಕ್ಷಮಿಸಿ. ಫ್ಲೋರೈಡ್ ಎಂದರೆ ನಮ್ಮ ಕೊಳವೆಬಾವಿಯ ನೀರಿನದೇ? ನಮ್ಮ ಕಡೆ ಹಲ್ಲು ಕಂದಾಗಿ, ಮಂಡಿ ಬಗ್ಗದ ಜನ ಊರೂರಲ್ಲೂ ಇದ್ದಾರೆ.

ರಸಾಯನ ಮೇಷ್ಟ್ರು, ತುಮಕೂರು

ಪಕ್ಕಕ್ಕೇನೂ ಹೋಗಿಲ್ಲ. ಅದೇ ಅಯಾನು, ಎಲುಬಿನ ಕ್ಯಾಲ್ಸಿಯಂ ಮೇಲೆ ಅದಕ್ಕಿರುವ ಆಸೆಯೂ ಅದೇ. ಪ್ರಮಾಣ ಬೇರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ. ಆ ಪೇಸ್ಟಿನಲ್ಲಿ ಇರುವುದು ಕಿಲೋಗೆ ಹತ್ತಾರು ಗ್ರಾಂ. ನಿಮ್ಮ ಕಡೆ ವರ್ಷಗಳಲ್ಲಿ ಆಗುವುದು ಇಲ್ಲಿ ಗಂಟೆಗಳಲ್ಲಿ ಆಗುತ್ತದೆ.

ನಿಮ್ಮ ಪ್ರಶ್ನೆಯಿಂದ ಇಲ್ಲಿ ಯಾರೂ ಎತ್ತದ ಒಂದು ಸಂಗತಿ ನೆನಪಾಯಿತು. ಪೇಸ್ಟ್ ಬಳಿದು ತೊಳೆದ ನೀರು ಎಲ್ಲಿಗೆ ಹೋಗುತ್ತದೆ? ಶೆಡ್ಡಿನ ಮುಂದಿನ ಮೋರಿಗೆ, ಅಲ್ಲವೇ? ಕೆರೆ, ಹಳ್ಳಗಳಿಗೆ ಬಿಡುವ ಕೈಗಾರಿಕಾ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 2 ಮಿಲಿಗ್ರಾಂ ದಾಟಬಾರದು. ಒಳಚರಂಡಿಗಾದರೆ 15. ಸುಣ್ಣ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಚರ್ಮಕ್ಕೆ ಬೇಡವೆಂದ ಅದೇ ಸುಣ್ಣವನ್ನು ತೊಳೆದ ನೀರಿಗೆ ಹಾಕಿ ಕದಡಿದರೆ ಆಮ್ಲವೂ ಸಾಯುತ್ತದೆ, ಫ್ಲೋರೈಡೂ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳಕ್ಕೆ ಇಳಿಯುತ್ತದೆ. ಅಷ್ಟಾದರೂ ಲೀಟರಿಗೆ ಹತ್ತು ಮಿಲಿಗ್ರಾಂ ಆಸುಪಾಸು ಉಳಿದುಕೊಳ್ಳುವುದು ಸಾಮಾನ್ಯ, ಇನ್ನೂ ಇಳಿಸಲು ಪಟಿಕ ಬೇಕು. ತಳದ ಕೆಸರಿನಲ್ಲಿ ಉಕ್ಕಿನ ಕ್ರೋಮಿಯಂ, ನಿಕ್ಕಲ್ ಕೂಡ ಇರುತ್ತದೆ, ಅದನ್ನು ಖಾಲಿ ಸೈಟಿಗೆ ಚೆಲ್ಲುವಂತಿಲ್ಲ; ಪರವಾನಗಿ ಇರುವವರ ಮೂಲಕ ದಾಬಸ್‌ಪೇಟೆಯ ಅಪಾಯಕಾರಿ ತ್ಯಾಜ್ಯ ಘಟಕದಂಥ ಕಡೆಗೆ ಹೋಗಬೇಕು.

ಚೆಲ್ಲಿದಾಗಲೂ ಸುಣ್ಣವೇ. ನಮ್ಮ ಜನ ಏನು ಚೆಲ್ಲಿದರೂ ಮೊದಲು ಎಂ-ಸ್ಯಾಂಡ್ ತಂದು ಸುರಿಯುತ್ತಾರೆ. ಎಚ್‌ಎಫ್‌ಗೆ ಮರಳು ಹಾಕಬಾರದು. ಮರಳೆಂದರೆ ಸಿಲಿಕಾ, ಗಾಜನ್ನು ತಿನ್ನುವ ಆಮ್ಲ ಅದನ್ನೂ ತಿಂದು ಸಿಲಿಕಾನ್ ಟೆಟ್ರಾಫ್ಲೋರೈಡ್ ಎಂಬ ವಿಷಾನಿಲ ಬಿಡುತ್ತದೆ. ಅಂಚಿನಿಂದ ಒಳಕ್ಕೆ, ಸ್ವಲ್ಪ ಸ್ವಲ್ಪವಾಗಿ ಸುಣ್ಣದ ಪುಡಿ ಹಾಕಿ. ಒಮ್ಮೆಗೇ ಸುರಿದರೆ ಬಿಸಿಯೇರಿ ಸಿಡಿಯುತ್ತದೆ. ವಾಷಿಂಗ್ ಸೋಡಾ ಆಮ್ಲವನ್ನು ಕೊಲ್ಲುತ್ತದೆ, ಆದರೆ ಸೋಡಿಯಂ ಫ್ಲೋರೈಡ್ ನೀರಿನಲ್ಲಿ ಕರಗಿಯೇ ಇರುತ್ತದೆ. ವಿಷ ಹೋಗಲಿಲ್ಲ, ಹುಳಿ ಮಾತ್ರ ಹೋಯಿತು. ಗಾಜಿನ ಬಾಟಲಿಗೆ ಪೇಸ್ಟ್ ತುಂಬಿಸಿಡುವವರನ್ನು ನೋಡಿದ್ದೇನೆ, ಅವರಿಗೆ ಹೇಳುವುದೇನೂ ಉಳಿದಿಲ್ಲ. ಸ್ಟೀಲ್ ಡಬ್ಬಕ್ಕೂ ಬೇಡ, ಲೋಹದೊಂದಿಗೆ ಸೇರಿದರೆ ಹೈಡ್ರೋಜನ್ ಏಳುತ್ತದೆ. ಬಂದ ಪ್ಲಾಸ್ಟಿಕ್ ಡಬ್ಬದಲ್ಲೇ ಇರಲಿ, ಹೆಸರಿನ ಚೀಟಿಯ ಸಮೇತ.

ಚೀಟಿ ಎಂದೆ. 1982ರಲ್ಲಿ ಜಪಾನಿನ ಹಾಚಿಯೋಜಿಯಲ್ಲಿ ಒಬ್ಬ ದಂತವೈದ್ಯ ಹಲ್ಲಿಗೆ ಹಚ್ಚುವ ಸೋಡಿಯಂ ಫ್ಲೋರೈಡ್ ಬದಲು ಎಚ್‌ಎಫ್ ಬಳಸಿ ಮೂರು ವರ್ಷದ ಮಗು ಸತ್ತಿತು. ಓದುಬರಹ ಬಲ್ಲ, ವೈದ್ಯಕೀಯ ಓದಿದ ವ್ಯಕ್ತಿಯ ಕೈಯಲ್ಲೇ ಹೀಗಾಯಿತು.

ಇನ್ನೊಂದು: ಟೈಲ್ಸ್, ಕಲ್ಲು, ಕಾರಿನ ಅಲಾಯ್ ಚಕ್ರ ತೊಳೆಯುವ ಕೆಲವು ದ್ರಾವಣಗಳಲ್ಲಿ ಅಮೋನಿಯಂ ಬೈಫ್ಲೋರೈಡ್ ಇರುತ್ತದೆ. ಹೆಸರು ಬೇರೆ, ನೀರು ಸೇರಿದರೆ ಇದೇ ವಿಷ, ಇದೇ ಚಿಕಿತ್ಸೆ.

ಹಳೇ ಬಫಿಂಗ್

ಒಪ್ಪಿದೆ, ಜೆಲ್ ಇಡೋಣ. ಆದರೆ ಎಲ್ಲರೂ ಹೀಗೆ ಹೆದರಿಸಿದ ಮೇಲೆ ಟಿಗ್ ಪೀಣ್ಯ ಅವರು ನಾಳೆ ಸಿಟ್ರಿಕ್ ಆಸಿಡ್ ತಂದು ಬಳಿದು ಕೆಲಸ ಮುಗಿಯಿತು ಎನ್ನಬಾರದು. ಸಿಟ್ರಿಕ್ ಪ್ಯಾಸಿವೇಷನ್ ಮಾಡುತ್ತದೆ, ಗಟ್ಟಿಯಾಗಿ ಕೂತ ನೀಲಿ ಕಪ್ಪು ಪದರವನ್ನು ಕೀಳುವುದಿಲ್ಲ. ಆ ಪದರದ ಕೆಳಗೆ ಕ್ರೋಮಿಯಂ ಕಡಿಮೆಯಾದ ಲೋಹ ಇರುತ್ತದೆ. ಅದು ಉಳಿದರೆ ಟ್ಯಾಂಕು ಒಂದೇ ವರ್ಷದಲ್ಲಿ ತುಕ್ಕಿನ ಚುಕ್ಕೆ ತೋರಿಸುತ್ತದೆ. ಬರೀ ಬಫಿಂಗ್ ಮಾಡಿದರೂ ಅಷ್ಟೇ, ಹೊಳಪು ಬರುತ್ತದೆ, ಕೆಳಗಿನ ರೋಗ ಇರುತ್ತದೆ. ಕರೆಂಟ್ ಹರಿಸಿ ಫಾಸ್ಫಾರಿಕ್ ದ್ರಾವಣದ ಬ್ರಷ್ಷಿನಿಂದ ವೆಲ್ಡಿಂಗ್ ಶುಚಿ ಮಾಡುವ ಯಂತ್ರ ಬಂದಿದೆ. ಒಳ್ಳೆಯದು, ಎಚ್‌ಎಫ್ ಬೇಕಿಲ್ಲ. ಬೆಲೆ ಕೇಳಿ ಕೂತುಕೊಳ್ಳಬೇಕಾಗುತ್ತದೆ. ನಾಲ್ಕು ಶೆಡ್ಡಿನವರು ಸೇರಿ ಕೊಂಡರೆ ಆಗಬಹುದು.

ಸುರತ್ಕಲ್ ಕಡೆಯವನು

ಹಳೇ ಬಫಿಂಗ್ ಹೇಳಿದ್ದು ತಾಂತ್ರಿಕವಾಗಿ ಸರಿ.

ಟಿಗ್ ಪೀಣ್ಯ ಅವರೇ, ನಿಮ್ಮ ಮೊದಲ ಬರಹವನ್ನು ಮತ್ತೆ ಓದಿದೆ. ಹಾಲಿನ ಟ್ಯಾಂಕು ಎಂದಿದ್ದೀರಿ, ವೆಲ್ಡಿಂಗ್ ಆದ ಕಡೆಯೆಲ್ಲ ಎಂದಿದ್ದೀರಿ. ಹುಡುಗರು ಟ್ಯಾಂಕಿನ ಒಳಗೆ ಇಳಿದು ಪೇಸ್ಟ್ ಬಳಿಯಬೇಕೇ?

ಟಿಗ್ ಪೀಣ್ಯ

ಹೌದು. ಮೇಲೆ ಮ್ಯಾನ್‌ಹೋಲ್ ಇದೆ. ಒಬ್ಬರು ಇಳಿಯುವಷ್ಟು ಜಾಗ.

ಸುರತ್ಕಲ್ ಕಡೆಯವನು

ಹಾಗಾದರೆ ಚರ್ಮಕ್ಕಿಂತ ಉಸಿರಿನ ಚಿಂತೆ ದೊಡ್ಡದು. ಪೇಸ್ಟ್ ಉಕ್ಕನ್ನು ತಿನ್ನುವಾಗ ನೈಟ್ರಿಕ್‌ನಿಂದ ಕಂದು ಬಣ್ಣದ ನೈಟ್ರೋಜನ್ ಡೈಆಕ್ಸೈಡ್ ಏಳುತ್ತದೆ, ಜೊತೆಗೆ ಎಚ್‌ಎಫ್ ಆವಿ. ಹೊರಗೆ ಗಾಳಿಗೆ ಹೋಗುವುದು ಒಳಗೆ ಎದೆಮಟ್ಟಕ್ಕೆ ನಿಲ್ಲುತ್ತದೆ. ಬಟ್ಟೆಯ ಮಾಸ್ಕು, ಧೂಳಿನ ಮಾಸ್ಕು ಇದಕ್ಕೆ ಲೆಕ್ಕಕ್ಕಿಲ್ಲ. ಆ ಹೊತ್ತಿಗೆ ಸ್ವಲ್ಪ ಕೆಮ್ಮಿ, ಹೊರಬಂದು ಚಹಾ ಕುಡಿದವನಿಗೆ ಮರುದಿನ ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳಬಹುದು. ಒಳಗೆ ಕುಸಿದವನನ್ನು ಎತ್ತಲು ಇನ್ನೊಬ್ಬ ಹಾಗೆಯೇ ಇಳಿಯುತ್ತಾನೆ, ಅವನೂ ಬೀಳುತ್ತಾನೆ. ನಮ್ಮ ಮ್ಯಾನ್‌ಹೋಲ್ ಸಾವುಗಳ ಸುದ್ದಿಯಲ್ಲಿ ಒಂದೇ ಹೆಸರು ಇರುವುದು ಅಪರೂಪ, ಗಮನಿಸಿ.

ಹೊರಗಿನಿಂದ ಗಾಳಿ ಕೊಡುವ ಮುಖವಾಡ, ಒಳಗಿನ ಆವಿ ಎಳೆಯುವ ಬ್ಲೋವರ್, ಸೊಂಟಕ್ಕೆ ಹಗ್ಗ, ಮ್ಯಾನ್‌ಹೋಲ್ ಬಿಟ್ಟು ಕದಲದ ಒಬ್ಬ ಕಾವಲುಗಾರ. ಇದರಲ್ಲಿ ಒಂದು ಇಲ್ಲದಿದ್ದರೂ ಆ ಕೆಲಸ ಒಪ್ಪಿಕೊಳ್ಳಬೇಡಿ.

ತುರ್ತು ಘಟಕದ ವೈದ್ಯೆ

ಉಸಿರಿಗೆ ಸೇರಿದವರನ್ನು "ಈಗ ಚೆನ್ನಾಗಿದ್ದಾನೆ" ಎಂದು ಮನೆಗೆ ಕಳುಹಿಸಬೇಡಿ. 24ರಿಂದ 48 ಗಂಟೆ ನಿಗಾ ಬೇಕು. ಆಸ್ಪತ್ರೆಯಲ್ಲಿ ಶೇಕಡಾ 2.5ರ ಕ್ಯಾಲ್ಸಿಯಂ ಗ್ಲುಕೋನೇಟನ್ನು ನೆಬ್ಯುಲೈಸರ್ ಮೂಲಕ ಕೊಡುವುದುಂಟು.

ಹಳೇ ಬಫಿಂಗ್

ಟ್ಯಾಂಕಿನ ಒಳಗೆ ಎಂದು ಮೊದಲೇ ಹೇಳಬಾರದಿತ್ತೇ? ನಾನಾದರೆ ಒಳಗೆ ಪೇಸ್ಟ್ ತೆಗೆದುಕೊಂಡು ಹೋಗುವುದೇ ಇಲ್ಲ. ಜೋಡಣೆಯ ಕ್ರಮ ಬದಲಿಸಿ. ಡಿಶ್ (ಟ್ಯಾಂಕಿನ ತುದಿ ಮುಚ್ಚುವ ಭಾಗ) ಕೂರಿಸುವ ಮೊದಲೇ, ಶೆಲ್ (ಟ್ಯಾಂಕಿನ ಒಡಲು) ಎರಡೂ ಕಡೆ ತೆರೆದಿರುವಾಗ ಉದ್ದದ ವೆಲ್ಡಿಂಗುಗಳ ಪಿಕ್ಲಿಂಗ್ ಅಂಗಳದಲ್ಲೇ ಮುಗಿಸಿ. ಕೊನೆಯ ಸುತ್ತು ವೆಲ್ಡಿಂಗ್ ಹೊರಗಿನಿಂದ ಹಾಕುವಾಗ ಒಳಬದಿಗೆ ಆರ್ಗಾನ್ ಪರ್ಜ್ ಸರಿಯಾಗಿ ಕೊಡಿ, ಅಂದರೆ ಆರ್ಗಾನ್ ಅನಿಲ ತುಂಬಿ ಒಳಗಿನ ಗಾಳಿಯನ್ನು ಹೊರದೂಡಿ. ಆಮ್ಲಜನಕ ಸಿಗದಿದ್ದರೆ ಕಲೆ ಬೀಳುವುದೇ ಇಲ್ಲ, ಬಿದ್ದರೂ ತಿಳಿ ಗೋಧಿ ಬಣ್ಣ. ಗಿರಾಕಿಯ ಇನ್‌ಸ್ಪೆಕ್ಟರ್‌ಗೆ ಮೊದಲೇ ಒಂದು ಮಾದರಿ ತುಂಡು ತೋರಿಸಿ ಒಪ್ಪಿಗೆ ಪಡೆದರೆ ಒಳಗಿನ ಪಿಕ್ಲಿಂಗ್ ತಪ್ಪುತ್ತದೆ.

ಟಿಗ್ ಪೀಣ್ಯ

ಇದು ನನಗೆ ಹೊಳೆದಿರಲಿಲ್ಲ. ಡ್ರಾಯಿಂಗ್ ಹಿಡಿದುಕೊಂಡು ಸೋಮವಾರ ಗಿರಾಕಿಯ ಬಳಿ ಹೋಗುತ್ತೇನೆ. ಪರ್ಜ್ ಮಾಡಿದ ಮೇಲೆ ವೆಲ್ಡಿಂಗಿನ ಒಳಬದಿಯ ಬೇರು ನೋಡಲು ಕೂಡಲೇ ಇಳಿಯಬಹುದೇ?

ಹಳೇ ಬಫಿಂಗ್

ಇಳಿಯಬೇಡಿ. ಆರ್ಗಾನ್ ಗಾಳಿಗಿಂತ ಭಾರ, ತಳದಲ್ಲಿ ಕೂತಿರುತ್ತದೆ. ವಾಸನೆ ಇಲ್ಲ, ಕೆಮ್ಮು ಬರುವುದಿಲ್ಲ, ಕಾಲು ಕುಸಿಯುವುದೊಂದೇ ಸೂಚನೆ. ಕೆಳಗಿನ ನಳಿಕೆ ಬಿಚ್ಚಿ, ಬ್ಲೋವರ್ ಹಾಕಿ, ಆಮ್ಲಜನಕದ ಮೀಟರನ್ನು ಹಗ್ಗ ಕಟ್ಟಿ ತಳದವರೆಗೆ ಇಳಿಸಿ. ಗಾಳಿಯಲ್ಲಿರುವಂತೆ ಶೇಕಡಾ 20.9 ತೋರಿಸಿದ ಮೇಲೆ ಮಾತ್ರ ಇಳಿಯಿರಿ. ಮೀಟರ್ ಇಲ್ಲದಿದ್ದರೆ ಬಾಡಿಗೆಗೆ ತನ್ನಿ.